ಶಂಕರಘಟ್ಟದಿಂದ ದೆಹಲಿಯವರೆಗೆ: ಅರ್ಥಶಾಸ್ತ್ರ ಎಂ.ಎ. ಅರ್ಜಿ ವ್ಯವಸ್ಥೆಗಳ ವಿಮರ್ಶೆ

ಸ್ನಾತಕೋತ್ತರ ಪ್ರವೇಶದ ಅರ್ಜಿಯನ್ನು ಒಂದು ಸೇವೆ ಎಂದು ನಾವು ಸಾಮಾನ್ಯವಾಗಿ ಭಾವಿಸುವುದಿಲ್ಲ. ಆದರೆ ಅದಕ್ಕೆ ಶುಲ್ಕ ಕಟ್ಟುತ್ತೇವೆ, ವಾರಗಟ್ಟಲೆ ಸಮಯ ಕೊಡುತ್ತೇವೆ, ಮನೆಯ ದಾಖಲೆಗಳನ್ನೆಲ್ಲ ಒಪ್ಪಿಸುತ್ತೇವೆ. ಹಾಗಿರುವಾಗ ಆ ಸೇವೆ ಯೋಗ್ಯವಾಗಿದೆಯೇ ಎಂದು ಕೇಳುವ ಹಕ್ಕೂ ನಮಗಿದೆ. ತೀರ್ಥಹಳ್ಳಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದ ನನ್ನ ಅಕ್ಕನ ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುವುದಾಗಿ ನಿರ್ಧರಿಸಿದ ಮೇಲೆ, ಅವಳ ಜೊತೆ ಕುಳಿತು ಒಂದೊಂದೇ ವಿಶ್ವವಿದ್ಯಾಲಯದ ಪ್ರಕಟಣೆ ಓದಿ, ಅರ್ಜಿ ತುಂಬಿ, ಪ್ರವೇಶ ಮುಗಿಯುವವರೆಗೂ ಅದನ್ನು ಹಿಂಬಾಲಿಸಿದ್ದೇನೆ. ಅಳೆಯಲು ಇಟ್ಟುಕೊಂಡ ಪ್ರಶ್ನೆ ಒಂದೇ: ಮಲೆನಾಡಿನ ಯಾವುದೋ ಹೋಬಳಿಯ ಮನೆಯಲ್ಲಿರುವ ಪದವೀಧರೆ, ಮಧ್ಯವರ್ತಿಯ ನೆರವಿಲ್ಲದೆ, ತನಗೆ ಅರ್ಥವಾಗುವ ಮಾಹಿತಿಯ ಬಲದಿಂದ, ಗಡುವಿನೊಳಗೆ ಈ ಅರ್ಜಿಯನ್ನು ತಾನೇ ಮುಗಿಸಬಲ್ಲಳೇ?

ಮನೆಗೆ ಹತ್ತಿರದ್ದು ಕುವೆಂಪು ವಿಶ್ವವಿದ್ಯಾಲಯ. 1987ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣವಿರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ದೂರದಲ್ಲಿ. ರಾಜ್ಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಅರ್ಜಿಗಳು ಈಗ ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣದ ಮೂಲಕವೇ ಹೋಗುತ್ತವೆ. ಪದವಿಗೂ ಇದೇ ಜಾಲತಾಣದಲ್ಲಿ ನೋಂದಾಯಿಸಿಕೊಂಡಿದ್ದ ವಿದ್ಯಾರ್ಥಿಗೆ ಪರದೆ ಅಪರಿಚಿತವಾಗಿರುವುದಿಲ್ಲ. ಆಯ್ಕೆಯ ತರ್ಕವೂ ಸರಳ: ಪದವಿಯ ಅಂಕಗಳು ಮತ್ತು ರಾಜ್ಯದ ಮೀಸಲಾತಿ ರೋಸ್ಟರ್. ನನ್ನ ಅಳತೆಗೋಲಿನ ಪ್ರಕಾರ ಇದು ಮಧ್ಯವರ್ತಿಯಿಲ್ಲದೆ ಮುಗಿಸಬಹುದಾದ ಅರ್ಜಿ. ಎಲ್ಲಕ್ಕಿಂತ ಮುಖ್ಯವಾಗಿ, ಸಂದೇಹ ಬಂದರೆ ಬಸ್ಸು ಹತ್ತಿ ವಿಭಾಗಕ್ಕೇ ಹೋಗಿ ಅಧ್ಯಾಪಕರನ್ನು ಕೇಳಬಹುದು; ಯಾವ ಸಹಾಯವಾಣಿಯೂ ಕೊಡಲಾರದ ಸೌಕರ್ಯವಿದು. ನಾನು ಅಲ್ಲಿಯೇ ಓದಿದವನು. ಕನ್ನಡ ಮಾಧ್ಯಮದಿಂದ ಬಂದವರು ಉತ್ತರಗಳನ್ನು ಕನ್ನಡದಲ್ಲಿ ಬರೆದು, ಕರ್ನಾಟಕದ ಕೃಷಿ, ಸಹಕಾರ ಸಂಘ, ಪಂಚಾಯತಿ ಹಣಕಾಸುಗಳನ್ನು ವಿಷಯವಾಗಿ ಹಿಡಿದು, ಮುಂದೆ ಅಧ್ಯಾಪಕರಾಗಿ ಅಧಿಕಾರಿಗಳಾಗಿ ಬೆಳೆದುದನ್ನು ಹತ್ತಿರದಿಂದ ಕಂಡಿದ್ದೇನೆ. ‘ಎಲ್ಲೂ ಸಿಗದಿದ್ದರೆ ಶಂಕರಘಟ್ಟ’ ಎನ್ನುವ ಮಾತು ನನಗೆ ನೋವು ತರುತ್ತದೆ. ಕ್ಷೇತ್ರಕಾರ್ಯಕ್ಕೆ ಬೇಕಾದ ಹಳ್ಳಿ, ಅಡಿಕೆ ತೋಟ, ಅಣೆಕಟ್ಟಿನ ನಾಲೆ, ಕಾರ್ಖಾನೆ ಪಟ್ಟಣ ಇವೆಲ್ಲ ಒಂದು ಗಂಟೆಯ ದಾರಿಯೊಳಗೇ ಇರುವ ಅರ್ಥಶಾಸ್ತ್ರ ವಿಭಾಗವನ್ನು ಕೊನೆಯ ಆಯ್ಕೆಯೆಂದು ನೋಡಲು ಕಾರಣವಿಲ್ಲ.

ಆದರೂ ಹೊರಗಿನ ದಾರಿಗಳನ್ನು ನೋಡಲೇಬೇಕು. ಅವುಗಳಲ್ಲಿ ದೊಡ್ಡದು ಸಿಯುಇಟಿ-ಪಿಜಿ, ಅಂದರೆ ಸ್ನಾತಕೋತ್ತರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ 2022ರಿಂದ ನಡೆಸುತ್ತಿರುವ ಈ ಒಂದೇ ಪರೀಕ್ಷೆಯ ಅಂಕದಿಂದ ದೆಹಲಿ ವಿಶ್ವವಿದ್ಯಾಲಯದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ನಮ್ಮದೇ ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇವೆಲ್ಲಕ್ಕೂ ಪ್ರಯತ್ನಿಸಬಹುದು. ಒಂದು ಕಾಲದಲ್ಲಿ ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ, ಬೇರೆ ಪ್ರಯಾಣ ಬೇಕಿತ್ತು. ದೂರದ ಊರಿನವರಿಗೆ ಇದು ನಿಜವಾದ ಉಪಕಾರ. ಅರ್ಥಶಾಸ್ತ್ರದ ಪತ್ರಿಕೆಯ ಸಂಕೇತ ಸಿಒಕ್ಯೂಪಿ10. 75 ಪ್ರಶ್ನೆಗಳು, 300 ಅಂಕಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕದ ಕಡಿತ. 2025ರಲ್ಲಿ ಅವಧಿಯನ್ನು 105 ನಿಮಿಷಗಳಿಂದ 90 ನಿಮಿಷಗಳಿಗೆ ಇಳಿಸಿದರು. ಅದೇ ವರ್ಷ ಎರಡು ಪತ್ರಿಕೆಗಳವರೆಗೆ ಸಾಮಾನ್ಯ ವರ್ಗದ ಶುಲ್ಕ 1,400 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1,100 ರೂಪಾಯಿ ಇತ್ತು. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ಮಾರ್ಚ್ ತಿಂಗಳಿನಲ್ಲಿ ಬರುತ್ತಿರುವುದರಿಂದ, ಅರ್ಜಿಯ ಕಾಲ ಚಳಿಗಾಲದಲ್ಲೇ, ಅಂದರೆ ನಮ್ಮ ಕಡೆ ಅಡಿಕೆ ಕೊಯ್ಲಿನ ಗಡಿಬಿಡಿಯ ಸಮಯದಲ್ಲೇ ಮುಗಿದುಹೋಗುತ್ತದೆ. ಪದವಿಯ ಫಲಿತಾಂಶ ಬಂದ ಮೇಲೆ ನೋಡಿದರಾಯಿತು ಎಂದುಕೊಂಡವರಿಗೆ ಆ ವರ್ಷ ಈ ಬಾಗಿಲು ಇರುವುದೇ ಇಲ್ಲ.

ಈ ಪರೀಕ್ಷೆಯ ವಿಷಯದಲ್ಲಿ ನನ್ನ ದೊಡ್ಡ ಆಕ್ಷೇಪ ಭಾಷೆಯದು. ಪದವಿ ಪ್ರವೇಶದ ಸಿಯುಇಟಿ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ಸ್ನಾತಕೋತ್ತರ ಪರೀಕ್ಷೆಯ ಅರ್ಥಶಾಸ್ತ್ರ ಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ಹಿಂದಿ ಮಾಧ್ಯಮದಲ್ಲಿ ಬಿ.ಎ. ಓದಿದ ವಿದ್ಯಾರ್ಥಿ ತಾನು ಕಲಿತ ಭಾಷೆಯಲ್ಲೇ ಬೇಡಿಕೆಯ ಸ್ಥಿತಿಸ್ಥಾಪಕತ್ವದ ಲೆಕ್ಕ ಓದಿ ಉತ್ತರಿಸಬಹುದು. ಸೊರಬದಲ್ಲಿಯೋ ಹೊಸನಗರದಲ್ಲಿಯೋ ಕನ್ನಡ ಮಾಧ್ಯಮದಲ್ಲಿ ಅದೇ ಬಿ.ಎ. ಓದಿದವಳಿಗೆ ಆ ಅವಕಾಶವಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಹದಿಮೂರು ಭಾಷೆಗಳನ್ನು ನಿಭಾಯಿಸಬಲ್ಲ ಸಂಸ್ಥೆಗೆ ಮೇಲಿನ ಮೆಟ್ಟಿಲಿನಲ್ಲಿ ಅದು ಅಸಾಧ್ಯವೆಂದು ನಾನು ಒಪ್ಪಲಾರೆ. 90 ನಿಮಿಷಗಳಲ್ಲಿ 75 ಪ್ರಶ್ನೆಗಳೆಂದರೆ ಒಂದೊಂದಕ್ಕೂ 72 ಸೆಕೆಂಡು ಸಿಗುತ್ತದೆ. ಅದರಲ್ಲಿ ಒಂದು ಪಾಲು ವಾಕ್ಯವನ್ನು ಅರ್ಥಮಾಡಿಕೊಳ್ಳುವುದಕ್ಕೇ ಹೋದರೆ ಅಳೆಯಲ್ಪಟ್ಟದ್ದು ಅರ್ಥಶಾಸ್ತ್ರದ ಜ್ಞಾನವಷ್ಟೇ ಆಗಿ ಉಳಿಯುವುದಿಲ್ಲ. ಪರೀಕ್ಷಾ ವ್ಯವಸ್ಥೆ ಬದಲಾಗುವವರೆಗೆ ಕನ್ನಡ ಮಾಧ್ಯಮದವರು ಐದನೆಯ ಸೆಮಿಸ್ಟರ್‌ನಿಂದಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಬೇಕು. ಅಕ್ಕನ ಮಗಳಿಗೆ ಇದರಿಂದ ಬಹಳ ಪ್ರಯೋಜನವಾಯಿತು. ವೇಗ ಬಂದಂತೆ ಭಯವೂ ಕಡಿಮೆಯಾಯಿತು.

ಎರಡನೆಯ ಆಕ್ಷೇಪ, ಪರೀಕ್ಷೆಯ ನಂತರದ ಹಂತದ್ದು. ಅಂಕಪಟ್ಟಿ ಬಂದೊಡನೆ ಸೀಟು ತಾನಾಗಿ ಹಂಚಿಕೆಯಾಗುತ್ತದೆ ಎಂದು ನಂಬಿದವರು ನಮ್ಮ ಭಾಗದಲ್ಲಿ ಅನೇಕರಿದ್ದಾರೆ, ಏಕೆಂದರೆ ವೃತ್ತಿಶಿಕ್ಷಣದ ಸಿಇಟಿಯಲ್ಲಿ ಒಂದೇ ಪ್ರಾಧಿಕಾರ ಪರೀಕ್ಷೆಯನ್ನೂ ಹಂಚಿಕೆಯನ್ನೂ ನಡೆಸುವುದನ್ನು ಕಂಡೇ ಎಲ್ಲರೂ ಬೆಳೆದಿದ್ದಾರೆ. ಸಿಯುಇಟಿ-ಪಿಜಿಯಲ್ಲಿ ಪರೀಕ್ಷಾ ಸಂಸ್ಥೆಯ ಕೆಲಸ ಅಂಕ ಕೊಡುವುದರೊಂದಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ದೆಹಲಿ ವಿಶ್ವವಿದ್ಯಾಲಯಕ್ಕೆ ಅದರದೇ ಹಂಚಿಕೆ ಜಾಲತಾಣ, ಜೆಎನ್‌ಯುಗೆ ಬೇರೆ ನೋಂದಣಿ, ಕಡಗಂಚಿಗೆ ಬೇರೆ ನೋಂದಣಿ, ಪ್ರತಿಯೊಂದಕ್ಕೂ ಬೇರೆ ಶುಲ್ಕ ಮತ್ತು ಬೇರೆ ಗಡುವು. ಒಳ್ಳೆಯ ಅಂಕ ಪಡೆದೂ ಈ ಎರಡನೆಯ ಅರ್ಜಿ ಹಾಕದೆ ಕುಳಿತವರಿಗೆ ಯಾವ ಕರೆಯೂ ಬರುವುದಿಲ್ಲ. ಹಂಚಿಕೆಯ ಸುತ್ತುಗಳು ನಡೆಯುವುದು ಜೂನ್ ತಿಂಗಳಿನ ಆಸುಪಾಸು, ಮುಂಗಾರು ಹಿಡಿದುಕೊಳ್ಳುವ ಹೊತ್ತಿನಲ್ಲಿ. ಸೀಟು ಒಪ್ಪಿಕೊಂಡು ಶುಲ್ಕ ಕಟ್ಟಲು ಕೊಡುವ ಕಾಲಾವಕಾಶ ಕೆಲವೇ ದಿನಗಳದು. ಹೊಸನಗರ ತಾಲ್ಲೂಕಿನ ನಗರ ಮತ್ತು ನಿಟ್ಟೂರು, ಇತ್ತ ಆಗುಂಬೆಯ ಕಡೆ ಮರ ಬಿದ್ದು ವಿದ್ಯುತ್ ಹೋದರೆ ಟವರ್ ಕೂಡ ನಿಲ್ಲುತ್ತದೆ. ಅಲ್ಲಿನವರಿಗೆ ಆ ಕೆಲವೇ ದಿನಗಳು ಎಷ್ಟು ಕಿರಿದೆಂದು ದೆಹಲಿಯಲ್ಲಿ ವೇಳಾಪಟ್ಟಿ ಮಾಡುವವರಿಗೆ ಯಾರಾದರೂ ಹೇಳಬೇಕು. ಆ ವಾರಗಳಲ್ಲಿ ಶಿವಮೊಗ್ಗದಲ್ಲಿಯೋ ತೀರ್ಥಹಳ್ಳಿ ಪೇಟೆಯಲ್ಲಿಯೋ ಇರುವ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ನಾವು ಹಾಗೆಯೇ ಮಾಡಿದೆವು.

ದಾಖಲೆಗಳ ಪೈಕಿ ಒಂದೇ ಒಂದರ ಬಗ್ಗೆ ಒತ್ತಿ ಹೇಳಬೇಕಾಗಿದೆ. ರಾಜ್ಯದ ಪ್ರವರ್ಗ-1, 2ಎ, 2ಬಿ, 3ಎ, 3ಬಿ ವಿಭಾಗಗಳು ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿ ಇರುವುದು ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗ ಎಂಬ 27 ಶೇಕಡಾ ಮೀಸಲಾತಿ, ಮತ್ತು ಅದಕ್ಕೆ ಕೇಂದ್ರದ ನಮೂನೆಯಲ್ಲಿಯೇ ತಹಶೀಲ್ದಾರರಿಂದ ಪ್ರಮಾಣಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ತಮ್ಮ ಜಾತಿಯ ಹೆಸರು ಅಲ್ಲಿ ಯಾವ ರೂಪದಲ್ಲಿ ಇದೆ ಎಂದು ಮೊದಲೇ ನೋಡಿಕೊಳ್ಳಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ‘ಕೇಂದ್ರ ಸರ್ಕಾರದ ಉದ್ದೇಶಕ್ಕೆ’ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಕೈಗೆ ಬರುವುದು ರಾಜ್ಯದ ಪತ್ರವೇ. ಈ ಸಂಗತಿ ಮಾಹಿತಿ ಪುಸ್ತಿಕೆಗಳಲ್ಲಿ ಇದೆ, ಆದರೆ ನೂರಾರು ಪುಟಗಳ ನಡುವೆ, ಇಂಗ್ಲಿಷಿನಲ್ಲಿ, ಅನುಬಂಧವೊಂದರಲ್ಲಿದೆ. ಮೊದಲ ಪುಟದಲ್ಲಿ ಇರಬೇಕಾದ ಮಾತು ಅದು.

ಅರ್ಜಿಯ ಗುಣಮಟ್ಟದ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಭಾರತೀಯ ಸಾಂಖ್ಯಿಕ ಸಂಸ್ಥೆಯದು. ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತಾದಲ್ಲಿ ಕಟ್ಟಿದ ಈ ಸಂಸ್ಥೆ, ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಕೋಲ್ಕತ್ತಾ ಮತ್ತು ದೆಹಲಿ ಕೇಂದ್ರಗಳಲ್ಲಿ ನೀಡುತ್ತದೆ. ಬೆಂಗಳೂರು ಕೇಂದ್ರದಲ್ಲಿ ಈ ಕೋರ್ಸು ಇಲ್ಲ. ಬೋಧನಾ ಶುಲ್ಕವಿಲ್ಲ, ಮೇಲಾಗಿ ತಿಂಗಳ ವಿದ್ಯಾರ್ಥಿವೇತನ ಉಂಟು. ಮಧ್ಯಮ ವರ್ಗದ ಮನೆಗಳೂ ಎರಡು ವರ್ಷದ ಖರ್ಚಿಗೆ ಹೆದರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳಿವೆ: ಒಂದು ಬಹು ಆಯ್ಕೆಯ ಗಣಿತ, ಇನ್ನೊಂದು ಬರೆದು ಉತ್ತರಿಸಬೇಕಾದ ಅರ್ಥಶಾಸ್ತ್ರ. ಹಿಂದಿನ ವರ್ಷಗಳ ಮಾದರಿ ಪ್ರಶ್ನೆಗಳನ್ನು ಸಂಸ್ಥೆಯೇ ಪ್ರಕಟಿಸುತ್ತದೆ. ಏನನ್ನು ನಿರೀಕ್ಷಿಸುತ್ತೇವೆ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಮುಂಚಿತವಾಗಿಯೇ ತೋರಿಸುವ ಸಂಸ್ಥೆಗಳು ಕಡಿಮೆ.

ಅಷ್ಟಾದರೂ ನಮ್ಮ ಹುಡುಗಿಗೆ ಅದಕ್ಕೆ ಅರ್ಜಿ ಹಾಕಲಾಗಲಿಲ್ಲ. ಕಾರಣ, ಪಿಯುಸಿ ಮಟ್ಟದಲ್ಲಿ ಗಣಿತ ಓದಿರಬೇಕೆಂಬ ಅರ್ಹತೆ. ಅವಳು ಓದಿದ್ದು ಹೆಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಮಲೆನಾಡಿನ ಸಣ್ಣ ಊರುಗಳ ಸರ್ಕಾರಿ ಪಿಯು ಕಾಲೇಜಿನಲ್ಲಿ ಕಲಾ ವಿಭಾಗವೆಂದರೆ ಬಹುಪಾಲು ಈ ಸಂಯೋಜನೆಯೇ. ವಾಣಿಜ್ಯಕ್ಕೆ ಹೋದರೂ ಇತಿಹಾಸವಿರುವ ಹೆಚ್‌ಇಬಿಎ ಸಂಯೋಜನೆ ತೆಗೆದುಕೊಂಡವರದು ಇದೇ ಸ್ಥಿತಿ. ಅರ್ಥಶಾಸ್ತ್ರವನ್ನು ಪ್ರೀತಿಸಿ, ಅದರಲ್ಲಿಯೇ ಅತಿ ಹೆಚ್ಚು ಅಂಕ ಪಡೆದು, ಐದು ವರ್ಷ ಅದನ್ನೇ ಓದಿಕೊಂಡು ಬಂದವರಿಗೆ ದೇಶದ ಅತ್ಯುತ್ತಮ ಅರ್ಥಶಾಸ್ತ್ರ ಕೋರ್ಸುಗಳಲ್ಲೊಂದರ ಬಾಗಿಲು ಹದಿನಾರನೆಯ ವಯಸ್ಸಿನಲ್ಲೇ ಮುಚ್ಚಿತ್ತೆಂದು ಇಪ್ಪತ್ತೊಂದರಲ್ಲಿ ತಿಳಿಯುತ್ತದೆ. ಗಣಿತ ಬೇಕೆಂಬ ಷರತ್ತನ್ನು ನಾನು ದೂಷಿಸುವುದಿಲ್ಲ. ಇಂದಿನ ಸೂಕ್ಷ್ಮ ಅರ್ಥಶಾಸ್ತ್ರದ ಮೊದಲ ಸೆಮಿಸ್ಟರ್‌ನಲ್ಲಿಯೇ ಕಲನಶಾಸ್ತ್ರ, ನಿರ್ಬಂಧಿತ ಗರಿಷ್ಠೀಕರಣ, ಮಾತೃಕೆಗಳು, ಸಂಭವನೀಯತೆ ಎದುರಾಗುತ್ತವೆ. ಅವಿಲ್ಲದೆ, ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಅರ್ಥಮಾಪನಶಾಸ್ತ್ರಕ್ಕೆ ಕಾಲಿಡಲಾಗದು. ನನ್ನ ದೂರು ಆ ಸುದ್ದಿ ತಲುಪುವ ಸಮಯದ ಬಗ್ಗೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳಿಗೆ ‘ಅರ್ಥಶಾಸ್ತ್ರ ಮುಂದುವರಿಸುವ ಆಸೆಯಿದ್ದರೆ ಗಣಿತವನ್ನೂ ಇಟ್ಟುಕೊಳ್ಳಿ’ ಎಂದು ಹೇಳುವವರು ಶಾಲೆಯಲ್ಲೂ ಇಲ್ಲ, ಪ್ರವೇಶ ಪ್ರಕಟಣೆಗಳಲ್ಲೂ ಇಲ್ಲ. ಪ್ರವೇಶ ವ್ಯವಸ್ಥೆಗಳೆಲ್ಲವೂ ಅರ್ಜಿ ಹಾಕಲು ಬಂದವರೊಡನೆ ಮಾತ್ರ ಮಾತನಾಡುತ್ತವೆ, ಬರಬೇಕಾದವರೊಡನೆ ಮಾತನಾಡುವುದಿಲ್ಲ. ಈ ಇಡೀ ವಿಮರ್ಶೆಯಲ್ಲಿ ನನಗೆ ಅತ್ಯಂತ ಗಂಭೀರವೆನಿಸಿದ ಕೊರತೆ ಇದೇ, ಮತ್ತು ಯಾವ ಜಾಲತಾಣವನ್ನು ಸುಧಾರಿಸಿದರೂ ಇದು ತಾನಾಗಿ ಸರಿಹೋಗುವಂಥದ್ದಲ್ಲ.

ಬೆಂಗಳೂರಿನ ಎರಡು ಸಂಸ್ಥೆಗಳನ್ನೂ ಗಮನಿಸಿದೆವು. ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ 2017ರಲ್ಲಿ ಆರಂಭವಾಗಿ ಈಗ ವಿಶ್ವವಿದ್ಯಾಲಯವಾಗಿದೆ. ಅರ್ಥಶಾಸ್ತ್ರಕ್ಕಾಗಿಯೇ ರಾಜ್ಯ ಸರ್ಕಾರ ಕಟ್ಟಿದ ಸಂಸ್ಥೆಯೆಂಬ ಕಾರಣಕ್ಕೆ ಕರ್ನಾಟಕದವರು ಅದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಎಂ.ಎ.ಗೆ ಪ್ರವೇಶ ಪರೀಕ್ಷೆಯ ಜೊತೆಗೆ ಸಂದರ್ಶನವಿದೆ, ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವನ್ನೂ ಕೊಡುತ್ತಾರೆ.

ಸಂದರ್ಶನ ಅಥವಾ ಉದ್ದೇಶ ಪತ್ರ ಕೇಳುವ ಅರ್ಜಿಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸುತ್ತದೆ, ಏಕೆಂದರೆ ನಮ್ಮ ಮಕ್ಕಳು ಹೆಚ್ಚು ಅಂಜುವುದು ಇಲ್ಲಿಯೇ, ಮತ್ತು ಅವರ ಬಳಿ ಹೆಚ್ಚು ಸಾಮಗ್ರಿ ಇರುವುದೂ ಇಲ್ಲಿಯೇ. ಅರ್ಥಶಾಸ್ತ್ರವನ್ನು ಏಕೆ ಆರಿಸಿದಿರಿ ಎಂದು ಕೇಳಿದರೆ ಎಲ್ಲಿಂದಲೋ ನಕಲು ಮಾಡಿದ ಇಂಗ್ಲಿಷ್ ಪ್ಯಾರಾ ಒಪ್ಪಿಸುವುದು ಬೇಡ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ. ಗೇಣಿ ಎಷ್ಟು ಕೊಳಗ ಎಂಬುದು ಒಪ್ಪಂದದಲ್ಲಿದ್ದರೂ ಕೊಳಗ ಎಷ್ಟು ದೊಡ್ಡದು ಎಂಬುದು ಬಲವಿದ್ದವರ ಕೈಯಲ್ಲಿತ್ತು. ಒಪ್ಪಂದ, ಮಾಪನ, ಚೌಕಾಸಿಯ ಶಕ್ತಿ ಎಂದು ಪಠ್ಯಪುಸ್ತಕ ಅಧ್ಯಾಯಗಳಾಗಿ ವಿಂಗಡಿಸುವ ವಿಷಯಗಳೆಲ್ಲ ಆ ಒಂದು ಚಳವಳಿಯಲ್ಲಿವೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅದರಲ್ಲಿ ಭಾಗವಹಿಸಿ ಬಂಧನಕ್ಕೊಳಗಾದದ್ದು ಇತಿಹಾಸ. 1964ರ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ವಿದ್ಯುತ್ ಕೊಟ್ಟಿತು, ಶರಾವತಿ ಕಣಿವೆಯ ಕುಟುಂಬಗಳ ನೆಲವನ್ನು ಮುಳುಗಿಸಿತು. ಲಾಭ ಒಬ್ಬರಿಗೆ, ವೆಚ್ಚ ಇನ್ನೊಬ್ಬರಿಗೆ ಬಿದ್ದಾಗ ಪರಿಹಾರದ ಲೆಕ್ಕ ಹೇಗೆ ಎಂಬ ಪ್ರಶ್ನೆ ಮುಳುಗಡೆ ಸಂತ್ರಸ್ತರ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಅಡಿಕೆ ಬೆಳೆಗಾರರು 1939ರಲ್ಲಿಯೇ ಮ್ಯಾಮ್ಕೋಸ್ ಎಂಬ ಮಾರಾಟ ಸಹಕಾರ ಸಂಘ ಕಟ್ಟಿಕೊಂಡದ್ದು ಏಕೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಒಂದು ಪಟ್ಟಣವನ್ನೇ ಹೇಗೆ ಬೆಳೆಸಿತು ಮತ್ತು ಅದು ಸೊರಗಿದಾಗ ಆ ಪಟ್ಟಣಕ್ಕೆ ಏನಾಯಿತು, ಇವೆಲ್ಲ ನಮ್ಮ ಜಿಲ್ಲೆಯ ಮಕ್ಕಳಿಗೆ ಕೇಳಿ ಗೊತ್ತಿರುವ ಸಂಗತಿಗಳು. ಅಕ್ಕನ ಮಗಳು ತನ್ನ ಅಜ್ಜನ ಗೇಣಿ ಜಮೀನು 1974ರ ಭೂಸುಧಾರಣೆಯ ನಂತರ ಸ್ವಂತದ್ದಾದ ಕಥೆಯಿಂದ ಪತ್ರವನ್ನು ಆರಂಭಿಸಿ, ಒಡೆತನ ಬಂದ ಮೇಲೆ ಭತ್ತದ ಗದ್ದೆ ಅಡಿಕೆ ತೋಟವಾದದ್ದನ್ನು ವಿವರಿಸಿ, ಭದ್ರವಾದ ಹಕ್ಕು ಬಂಡವಾಳ ಹೂಡಿಕೆಯನ್ನು ಹೇಗೆ ಬದಲಿಸುತ್ತದೆಂದು ಓದಬೇಕೆನ್ನುವ ಆಸೆಯನ್ನು ಬರೆದಳು. ಓದಿದ ನನಗೆ ಹೆಮ್ಮೆಯೆನಿಸಿತು. ಯಾವ ಕೋಚಿಂಗ್ ಕೇಂದ್ರವೂ ಆ ಪತ್ರವನ್ನು ಬರೆದುಕೊಡಲಾರದು.

ಇನ್ನು ಸೈಬರ್ ಕೇಂದ್ರಗಳು. ಶಿವಮೊಗ್ಗದಲ್ಲಿ ಅರ್ಜಿ ತುಂಬುವ ಕೆಲಸದ ದೊಡ್ಡ ಪಾಲು ನಡೆಯುವುದು ಅವುಗಳಲ್ಲಿಯೇ. ನಾವು ಹೋದ ಕೇಂದ್ರದ ಯುವಕ ಫೋಟೊ ಮತ್ತು ಸಹಿಯ ಗಾತ್ರ ಸರಿಪಡಿಸುವುದರಲ್ಲಿ ನಿಪುಣ, ತೆಗೆದುಕೊಂಡ ಹಣವೂ ನ್ಯಾಯವಾದದ್ದು. ಆದರೆ ಕೆಲಸ ಬೇಗ ಮುಗಿಯಲೆಂದು ಮಿಂಚಂಚೆಯ ಜಾಗದಲ್ಲಿ ಅಂಗಡಿಯದೇ ವಿಳಾಸ ಹಾಕುವ ಅಭ್ಯಾಸ ಅಲ್ಲಿತ್ತು. ಅದನ್ನು ಕಂಡು ಬದಲಿಸಿಕೊಂಡೆವು. ಪ್ರವೇಶಪತ್ರ, ಸೀಟು ಹಂಚಿಕೆಯ ಸೂಚನೆ, ಮರುಪಾವತಿಯ ಸಂದೇಶ ಎಲ್ಲವೂ ಆ ವಿಳಾಸಕ್ಕೇ ಹೋಗುವುದರಿಂದ, ಮೊಬೈಲ್ ಸಂಖ್ಯೆ ಮತ್ತು ಮಿಂಚಂಚೆ ವಿದ್ಯಾರ್ಥಿಯದೇ ಆಗಿರಲೇಬೇಕು, ಗುಪ್ತಪದವನ್ನು ಮನೆಯ ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಸ್ಕ್ಯಾನಿಂಗ್‌ಗೆ ಮಾತ್ರ ಕೇಂದ್ರಕ್ಕೆ ಹೋಗಿ, ಅರ್ಜಿಯನ್ನು ಮನೆಯಲ್ಲೇ ನಿಧಾನವಾಗಿ ತುಂಬುವುದು ಇನ್ನೂ ಒಳ್ಳೆಯದು.

ದೆಹಲಿ ಸ್ಕೂಲ್‌ಗೆ ಬೇಕಾದಷ್ಟು ಅಂಕ ಅಕ್ಕನ ಮಗಳಿಗೆ ಬರಲಿಲ್ಲ. ಆ ಸಂಸ್ಥೆಯನ್ನು 1949ರಲ್ಲಿ ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರೇ ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು, ಎಂ.ಎ. ನಂತರ ಸಂಶೋಧನೆಗೆ ಅಲ್ಲಿಗೆ ಹೋಗಬೇಕೆಂಬುದು ಅವಳ ಈಗಿನ ಗುರಿ. ಶಂಕರಘಟ್ಟ ಮತ್ತು ಕಡಗಂಚಿ ಎರಡರಲ್ಲೂ ಸೀಟು ದೊರೆತು, ಮನೆಯವರೆಲ್ಲ ಕುಳಿತು ಮಾತನಾಡಿ, ಕಡಗಂಚಿಯನ್ನು ಆರಿಸಿಕೊಂಡಳು. ಹೀಗೆ ಎರಡು ಕಡೆ ಸೀಟು ಸಿಗುವವರು ತಿಳಿದಿರಬೇಕಾದ ನಿಯಮವೊಂದಿದೆ. ಪ್ರವೇಶದ ವೇಳೆ ಮೂಲ ಅಂಕಪಟ್ಟಿಗಳನ್ನು ವಿದ್ಯಾರ್ಥಿಯ ಎದುರಿನಲ್ಲೇ ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು, ಸ್ವಯಂ ದೃಢೀಕರಿಸಿದ ಪ್ರತಿಗಳನ್ನಷ್ಟೇ ಇಟ್ಟುಕೊಳ್ಳಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಅಕ್ಟೋಬರ್ ತಿಂಗಳ ಅಧಿಸೂಚನೆಯಲ್ಲಿ ಹೇಳಿದೆ. ಪ್ರವೇಶ ರದ್ದುಪಡಿಸಿದರೆ ಶುಲ್ಕ ಎಷ್ಟು ಹಿಂದಿರುಗಬೇಕೆಂಬುದೂ ಅದರಲ್ಲಿದೆ. ಮೊದಲ ಸೀಟಿಗೆ ಸೇರುವ ದಿನವೇ ಆ ಅಧಿಸೂಚನೆಯ ಪ್ರತಿಯೊಂದನ್ನು ಕಡತದಲ್ಲಿ ಇಟ್ಟುಕೊಂಡು ಹೋಗಬೇಕು, ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ಕೇಳಿ ಪಡೆಯಬೇಕು.